ಇಪ್ಪತ್ತೊಂದು ಏಪ್ರಿಲ್

ಏಪ್ರಿಲ್ ಕೊನೆಯ ಗುರುವಾರ ನಾನು ಮೂರೂವರೆಗೆಲ್ಲ ಆಫೀಸಿನಿಂದ ಎದ್ದುಬಿಡುತ್ತೇನೆ. ಸನ್ನಿವೇಲ್‌ನ ನಮ್ಮ ಮನೆಯಲ್ಲಿ ಅಷ್ಟು ಹೊತ್ತಿಗೆ ಚುರುಮುರಿಗೆ ಈರುಳ್ಳಿ ಹೆಚ್ಚಿ, ಕ್ಯಾರೆಟ್ ತುರಿದು ಆಗಿರುತ್ತದೆ. ಐದು ಮನೆಯವರು ಒಬ್ಬೊಬ್ಬರಾಗಿ ಬಂದು ಸೋಫಾ, ಚಾಪೆ, ಊಟದ ಮೇಜಿನ ಕುರ್ಚಿ ಎಂದು ಸಿಕ್ಕಿದ ಕಡೆ ಕೂರುತ್ತಾರೆ. ನಮ್ಮ ಗಡಿಯಾರದಲ್ಲಿ ಐದಕ್ಕೆ ಎನ್‌ಎಫ್‌ಎಲ್ ಡ್ರಾಫ್ಟ್ ಶುರು.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನ 32 ತಂಡಗಳು ಕಾಲೇಜು ಆಟದಿಂದ ಹೊರಬಂದ ಹುಡುಗರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಮೂರು ದಿನ ಇದು. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಫೈನಲ್ ಪಂದ್ಯವಾದ ಸೂಪರ್ ಬೌಲ್ ಗೆದ್ದವರಿಗೆ ಕೊನೆಯದು. ಹೀಗೆ ಏಳು ಸುತ್ತು. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಯಾರೂ ದುಡ್ಡು ಕೂಗುವುದಿಲ್ಲ, ಸರದಿಯೇ ದುಡ್ಡು. ಐಪಿಎಲ್ ಕೂಡ 2008ರಲ್ಲಿ 19ರೊಳಗಿನ ಹುಡುಗರಿಗಾಗಿ ಇಂಥದ್ದೇ ಒಂದು ಡ್ರಾಫ್ಟ್ ನಡೆಸಿತ್ತು. ದೆಹಲಿ ತಂಡ ಪ್ರದೀಪ್ ಸಂಗ್ವಾನ್ ಎಂಬ ಎಡಗೈ ವೇಗಿಯನ್ನು ಆರಿಸಿತು, ಅದೇ ದೆಹಲಿಯ ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದ. ಸರದಿಯಲ್ಲಿ ಒಂದು ಹೆಸರು ಆಚೀಚೆ ಆದರೆ ಒಂದು ಊರಿನ ಹದಿನೆಂಟು ವರ್ಷದ ಸಂಭ್ರಮ, ಸಂಕಟ ಎರಡೂ ಬದಲಾಗುತ್ತವೆ ಎಂಬುದನ್ನು ಆರ್‌ಸಿಬಿ ಅಭಿಮಾನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಹಾಸನದ ಕಡೆಯಿಂದ 2004ರಲ್ಲಿ ಇಲ್ಲಿಗೆ ಬಂದವನು. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ನನ್ನ ತಂಡ. 1849ರಲ್ಲಿ ಚಿನ್ನ ಹುಡುಕಿಕೊಂಡು ಈ ಸೀಮೆಗೆ ಬಂದವರ ನೆನಪಿಗೆ ಇಟ್ಟ ಹೆಸರು ಅದು. 2014ರಿಂದ ಅವರ ಕ್ರೀಡಾಂಗಣ ಇರುವುದು ನಮ್ಮ ಪಕ್ಕದ ಸ್ಯಾಂಟಾ ಕ್ಲಾರಾದಲ್ಲಿ. ತಂಡ ಯಾರನ್ನು ಆರಿಸೀತು ಎಂದು ಮೊದಲೇ ಊಹಿಸಿ ಬರೆಯುವ ಪಟ್ಟಿಗೆ ಇಲ್ಲಿ ಮಾಕ್ ಡ್ರಾಫ್ಟ್ ಎನ್ನುತ್ತಾರೆ. ಇಪ್ಪತ್ತೊಂದು ಏಪ್ರಿಲ್‌ನಿಂದ ನಾನು ಅದನ್ನು ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದೇನೆ. ಅದರಿಂದ ಕಲಿತದ್ದು ಇಷ್ಟು.

1. ಎರಡು ಕಾಲಂ ಹಾಕಿ

ನನ್ನ ಮೊದಲ ಡ್ರಾಫ್ಟ್ 2005ರದು. ಹಿಂದಿನ ಸೀಸನ್‌ನಲ್ಲಿ ನಮ್ಮವರು ಹದಿನಾರರಲ್ಲಿ ಎರಡೇ ಪಂದ್ಯ ಗೆದ್ದಿದ್ದರು, ಹಾಗಾಗಿ ಮೊದಲ ಸರದಿ ನಮ್ಮದು. ಬೇಕಾಗಿದ್ದದ್ದು ಕ್ವಾರ್ಟರ್‌ಬ್ಯಾಕ್, ಅಂದರೆ ಪ್ರತಿ ಆಟದಲ್ಲೂ ಚೆಂಡು ಕೈಗೆ ತೆಗೆದುಕೊಂಡು ಎಸೆಯುವ, ತಂಡದ ಮಿದುಳಿನಂಥ ಆಟಗಾರ. ಆರನ್ ರಾಜರ್ಸ್ ಎಂಬ ಹುಡುಗ ಇಲ್ಲೇ ಬರ್ಕ್ಲಿಯಲ್ಲಿ ಓದಿದವನು, ಉತ್ತರ ಕ್ಯಾಲಿಫೋರ್ನಿಯಾದ ಚೀಕೋ ಊರಿನವನು, ಚಿಕ್ಕಂದಿನಿಂದ ಫಾರ್ಟಿನೈನರ್ಸ್ ಅಭಿಮಾನಿ. ನಾನು ಊರಿಗೆ ಹೊಸಬ. ನಮ್ಮೂರ ಹುಡುಗ ನಮ್ಮ ತಂಡಕ್ಕೇ ಬರುತ್ತಾನೆ ಎನ್ನುವುದು ಎಷ್ಟು ಸಹಜವಾಗಿ ಕಂಡಿತೆಂದರೆ, ಬೇರೆ ಹೆಸರನ್ನು ಬರೆಯಲೇ ಇಲ್ಲ. ಆಗ ಡ್ರಾಫ್ಟ್ ಶನಿವಾರ ಬೆಳಗ್ಗೆ ನಡೆಯುತ್ತಿತ್ತು. ತಂಡ ಯೂಟಾದ ಅಲೆಕ್ಸ್ ಸ್ಮಿತ್‌ನನ್ನು ಆರಿಸಿತು. ರಾಜರ್ಸ್ ನ್ಯೂಯಾರ್ಕಿನಲ್ಲಿ ಕ್ಯಾಮೆರಾಗಳ ಮುಂದೆ ಗಂಟೆಗಟ್ಟಲೆ ಕೂತ, ಅವನ ಹೆಸರು ಬಂದದ್ದು 24ನೆಯದಾಗಿ, ಗ್ರೀನ್ ಬೇ ತಂಡದಿಂದ.

ರಾಜರ್ಸ್ ಮುಂದೆ ಸೂಪರ್ ಬೌಲ್ ಗೆದ್ದ, ನಾಲ್ಕು ಸಲ ವರ್ಷದ ಅತ್ಯುತ್ತಮ ಆಟಗಾರನಾದ. ಹಾಗಾದರೆ ನಾನು ಬರೆದದ್ದು ಸರಿಯೇ ಅಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಅಲ್ಲ. ನಾನು ಬರೆದದ್ದು ಊಹೆಯೇ ಆಗಿರಲಿಲ್ಲ, ಆಸೆ. ಮರುವರ್ಷದಿಂದ ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ‘ಆಸೆ’, ಬಲಕ್ಕೆ ‘ಅಂದಾಜು’. ನನಗೆ ಯಾರು ಬೇಕು ಎಂಬುದು ಎಡಗಡೆ, ಅವರು ಯಾರನ್ನು ತೆಗೆದುಕೊಳ್ಳುತ್ತಾರೆ ಎಂಬುದು ಬಲಗಡೆ. ಎರಡರಲ್ಲೂ ಒಂದೇ ಹೆಸರು ಬಂದ ವರ್ಷ ನಾನು ಮತ್ತೊಮ್ಮೆ ಕೂತು ಯೋಚಿಸುತ್ತೇನೆ. ಬಹುತೇಕ ಸಲ ಎಡಗಡೆಯ ಶಾಯಿ ಬಲಕ್ಕೆ ಹರಿದಿರುತ್ತದೆ.

2. ಹುಡುಗರ ಪಟ್ಟಿಗೆ ಮೊದಲು ತಂಡದ ಚೆಕ್‌ಬುಕ್ ಓದಿ

ಹೆಚ್ಚಿನ ಅಭಿಮಾನಿಗಳು ಏಪ್ರಿಲ್‌ನಲ್ಲಿ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಮಾರ್ಚ್‌ನಲ್ಲಿ, ಹಳೆ ಆಟಗಾರರ ಕರಾರು ಮುಗಿದು ಯಾರು ಉಳಿದರು, ಯಾರು ಹೋದರು ಎಂದು ಗೊತ್ತಾಗುವಾಗ. ತಂಡವೊಂದು ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳಕ್ಕೆ ಮಿತಿ ಇದೆ. ಡ್ರಾಫ್ಟ್‌ನಿಂದ ಬಂದ ಹುಡುಗನ ಮೊದಲ ಕರಾರು ನಾಲ್ಕು ವರ್ಷದ್ದು, ಸಂಬಳವೂ ಹೆಚ್ಚು ಕಡಿಮೆ ಗೊತ್ತುಪಡಿಸಿದ್ದು. ಅವನು ಚೆನ್ನಾಗಿ ಆಡಿದರೆ ಆ ನಾಲ್ಕು ವರ್ಷ ತಂಡಕ್ಕೆ ಹಬ್ಬ, ಆಮೇಲೆ ಬಿಲ್ಲು ಬರುತ್ತದೆ.

2020ರ ಮಾರ್ಚ್‌ನಲ್ಲಿ ನಮ್ಮವರು ಸೂಪರ್ ಬೌಲ್ ಆಡಿ ಬಂದ ಹೊಸದು. ರಕ್ಷಣೆಯ ನಡುಗಂಬದಂತಿದ್ದ ಡಿಫಾರೆಸ್ಟ್ ಬಕ್ನರ್‌ನನ್ನು ಇಂಡಿಯಾನಾಪೊಲಿಸ್‌ಗೆ ಕೊಟ್ಟು 13ನೆಯ ಪಿಕ್, ಅಂದರೆ ಆರಿಸುವ ಸರದಿ, ತೆಗೆದುಕೊಂಡರು. ಅವನು ಕೇಳುವ ಸಂಬಳವನ್ನು ಉಳಿದವರದರ ಜೊತೆ ತೂಗಿಸಲಾಗದು ಎಂಬುದೇ ಕಾರಣ. ನಮ್ಮ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು: ಈಗ 13ಕ್ಕೆ ಚೆಂಡು ಹಿಡಿಯುವ ರಿಸೀವರ್ ಬರುತ್ತಾನೆ, ಜೆರ್ರಿ ಜೂಡಿಯೋ ಸೀಡೀ ಲ್ಯಾಂಬೋ. ಇಬ್ಬರೂ ಆ ಹೊತ್ತಿಗೆ ಉಳಿದೇ ಇದ್ದರು. ತಂಡ ಒಂದು ಮೆಟ್ಟಿಲು ಇಳಿದು 14ರಲ್ಲಿ ಜವಾನ್ ಕಿನ್ಲಾ ಎಂಬ ರಕ್ಷಣೆಯ ದೈತ್ಯನನ್ನು ಆರಿಸಿತು, ಬಕ್ನರ್ ಬಿಟ್ಟುಹೋದ ಜಾಗಕ್ಕೇ. ರಿಸೀವರ್ ಬಂದದ್ದು ಆಮೇಲೆ, 25ರಲ್ಲಿ, ಬ್ರ್ಯಾಂಡನ್ ಅಯ್ಯೂಕ್. ಮನೆಯ ಮುಂಬಾಗಿಲಿನ ಕಂಬ ತೆಗೆದವರು ಮೊದಲು ಕಂಬ ನಿಲ್ಲಿಸುತ್ತಾರೆ, ಕಿಟಕಿಗೆ ಪರದೆ ಆಮೇಲೆ. ಮಾರ್ಚ್‌ನಲ್ಲೇ ಇದು ಕಾಣಬೇಕಿತ್ತು.

3. ಮೇಲೇರಲು ಎಷ್ಟು ಬೇಕು ಎಂದು ಮೊದಲೇ ಲೆಕ್ಕ ಹಾಕಿ

‘ಅವನು ಐದನೆಯವನಾಗಿ ಹೋಗುತ್ತಾನೆ, ನಾವು ಟ್ರೇಡ್ ಮಾಡಿ ಮೇಲೆ ಹೋಗೋಣ’ ಎನ್ನುವುದು ಬಾಯಿಮಾತಿಗೆ ಸುಲಭ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ತರಬೇತುದಾರ ಜಿಮ್ಮಿ ಜಾನ್ಸನ್ ಬಳಸುತ್ತಿದ್ದ ಅಂಕಪಟ್ಟಿಯೊಂದಿದೆ. ಮೊದಲ ಪಿಕ್‌ಗೆ 3000 ಅಂಕ, ಮೂರನೆಯದಕ್ಕೆ 2200, ಹನ್ನೆರಡನೆಯದಕ್ಕೆ 1200, ಮೂವತ್ತೊಂದನೆಯದಕ್ಕೆ 600. ಈಗ ತಂಡಗಳ ಬಳಿ ಇದಕ್ಕಿಂತ ಸೂಕ್ಷ್ಮವಾದ ಲೆಕ್ಕಗಳಿವೆ, ಆದರೂ ಅಭಿಮಾನಿಯ ಊಹೆಗೆ ಈ ಹಳೆ ತಕ್ಕಡಿ ಸಾಕು.

2020ರ ಅದೇ ರಾತ್ರಿಯನ್ನು ನೋಡಿ. 13ರಿಂದ 14ಕ್ಕೆ ಇಳಿದದ್ದಕ್ಕೆ ಟ್ಯಾಂಪಾ ಬೇ ತಂಡದಿಂದ ನಾಲ್ಕನೇ ಸುತ್ತಿನ 117ನೆಯ ಪಿಕ್ ಸಿಕ್ಕಿತು. ಅದೇ 117ನ್ನು, ಐದನೇ ಸುತ್ತಿನ ಇನ್ನೊಂದರ ಜೊತೆ ಮಿನ್ನೆಸೋಟಾಗೆ ಕೊಟ್ಟು 31ರಿಂದ 25ಕ್ಕೆ ಏರಿ ಅಯ್ಯೂಕ್‌ನನ್ನು ಹಿಡಿದರು. ಸಂತೆಯಲ್ಲಿ ಒಂದು ಕಡೆ ಉಳಿಸಿದ ಚಿಲ್ಲರೆಯನ್ನು ಇನ್ನೊಂದು ಕಡೆ ಕೊಟ್ಟ ಹಾಗೆ. ನನ್ನ ನೋಟ್‌ಬುಕ್ಕಿನಲ್ಲಿ ಈಗ ಪ್ರತಿ ವರ್ಷ ನಮ್ಮ ಕೈಯಲ್ಲಿರುವ ಪಿಕ್‌ಗಳ ಪಕ್ಕದಲ್ಲಿ ಅಂಕಗಳನ್ನು ಬರೆದು, ಇಷ್ಟರಲ್ಲಿ ಎಲ್ಲಿಯವರೆಗೆ ಏರಬಹುದು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಕೈಗೆ ಎಟುಕದ ಹುಡುಗರ ಹೆಸರುಗಳು ಅಲ್ಲೇ ಉದುರಿಹೋಗುತ್ತವೆ.

4. ಮೂವತ್ತನಾಲ್ಕು ದಿನ

2021ರ ಬಗ್ಗೆ ನಾನು ಉದ್ದವಾಗಿಯೇ ಬರೆಯಬೇಕು. ಊಹಿಸುವವನ ಬಾಳಿನಲ್ಲಿ ಅಂಥ ಏಪ್ರಿಲ್ ಇನ್ನೊಂದು ಬರಲಿಕ್ಕಿಲ್ಲ.

ಮಾರ್ಚ್ 26ರ ಶುಕ್ರವಾರ ಸುದ್ದಿ ಬಂತು. ನಮ್ಮ 12ನೆಯ ಪಿಕ್, 2022 ಮತ್ತು 2023ರ ಮೊದಲ ಸುತ್ತಿನ ಪಿಕ್‌ಗಳು, ಜೊತೆಗೆ 2022ರ ಮೂರನೇ ಸುತ್ತಿನದೊಂದು, ಇಷ್ಟನ್ನೂ ಮಯಾಮಿಗೆ ಕೊಟ್ಟು ಮೂರನೆಯ ಸರದಿ ತೆಗೆದುಕೊಂಡಿದ್ದಾರೆ. ತಕ್ಕಡಿಯಲ್ಲಿ ಇಟ್ಟು ನೋಡಿದೆ. ಮೂರಕ್ಕೂ ಹನ್ನೆರಡಕ್ಕೂ ಸಾವಿರ ಅಂಕದ ವ್ಯತ್ಯಾಸ. ಅದಕ್ಕೆ ಬದಲಾಗಿ ಎರಡು ವರ್ಷಗಳ ಮೊದಲ ಸುತ್ತು. ಇಷ್ಟು ಕೊಟ್ಟು ಮೇಲೇರುವುದು ಕ್ವಾರ್ಟರ್‌ಬ್ಯಾಕ್‌ಗೆ ಮಾತ್ರ, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮೊದಲೆರಡು ಸರದಿಗೆ ಟ್ರೆವರ್ ಲಾರೆನ್ಸ್, ಜ್ಯಾಕ್ ವಿಲ್ಸನ್ ಎಂಬುದೂ ಹೆಚ್ಚುಕಡಿಮೆ ಖಾತ್ರಿ. ಹಾಗಾಗಿ ಇಡೀ ದೇಶದ ಊಹೆ ನಮ್ಮ ಬಾಗಿಲಿಗೆ ಬಂದು ನಿಂತಿತು. ಅಲಬಾಮಾದ ಮ್ಯಾಕ್ ಜೋನ್ಸ್, ಒಹಾಯೋ ಸ್ಟೇಟ್‌ನ ಜಸ್ಟಿನ್ ಫೀಲ್ಡ್ಸ್, ನಾರ್ತ್ ಡಕೋಟಾ ಸ್ಟೇಟ್‌ನ ಟ್ರೇ ಲ್ಯಾನ್ಸ್. ಈ ಮೂವರಲ್ಲಿ ಯಾರು?

ಡ್ರಾಫ್ಟ್‌ಗೆ ಮೂವತ್ತನಾಲ್ಕು ದಿನ ಇತ್ತು. ಕೋವಿಡ್‌ನಿಂದಾಗಿ ನಾವು ಸೇರುತ್ತಿದ್ದದ್ದು ಹಿತ್ತಲಿನಲ್ಲಿ, ದೂರ ದೂರ ಕುರ್ಚಿ ಹಾಕಿಕೊಂಡು. ಶಿವಮೊಗ್ಗ ಕಡೆಯ ಗೆಳೆಯರೊಬ್ಬರಿಗೆ ಫೀಲ್ಡ್ಸ್ ಮೇಲೆ ಪ್ರಾಣ. ನನ್ನ ಮಗಳಿಗೆ ಆಗ ಹದಿನೈದು, ಅವಳು ಮೊದಲಿನಿಂದ ಲ್ಯಾನ್ಸ್ ಎನ್ನುತ್ತಿದ್ದಳು. ನನ್ನ ಎಡಗಡೆ ಫೀಲ್ಡ್ಸ್, ಬಲಗಡೆ ಮ್ಯಾಕ್ ಜೋನ್ಸ್. ಯಾಕೆಂದರೆ ಟಿವಿಯಲ್ಲಿ, ಪತ್ರಿಕೆಗಳಲ್ಲಿ, ತಂಡದ ಒಳಗಿನ ಸುದ್ದಿ ತಿಳಿದವರು ಎನಿಸಿಕೊಂಡವರೆಲ್ಲ ಮ್ಯಾಕ್ ಜೋನ್ಸ್ ಹೆಸರನ್ನೇ ಹೇಳುತ್ತಿದ್ದರು. ತರಬೇತುದಾರ ಕೈಲ್ ಶಾನಹಾನ್ ಅವರ ಆಟಕ್ಕೆ ಓಡುವವನಿಗಿಂತ ಹೇಳಿದ ಕ್ಷಣಕ್ಕೆ ಹೇಳಿದ ಜಾಗಕ್ಕೆ ಚೆಂಡು ಎಸೆಯುವವನು ಬೇಕು ಎಂಬ ವಾದವೂ ಗಟ್ಟಿಯಾಗಿತ್ತು.

ಏಪ್ರಿಲ್ 29ರ ಸಂಜೆ ಟ್ರೇ ಲ್ಯಾನ್ಸ್ ಹೆಸರು ಕೂಗಿದರು. ಮಗಳು ಕುರ್ಚಿ ಬಿಟ್ಟು ನೆಗೆದಳು.

ಆ ರಾತ್ರಿ ಪಾತ್ರೆ ತೊಳೆಯುತ್ತ ನನಗೆ ಹೊಳೆದದ್ದು ಇದು. ಏಪ್ರಿಲ್‌ನಲ್ಲಿ ತಂಡದಿಂದ ಹೊರಬರುವ ಪ್ರತಿ ಸುದ್ದಿಗೂ ಒಬ್ಬ ಒಡೆಯ ಇರುತ್ತಾನೆ. ಹುಡುಗನ ಏಜೆಂಟ್, ಬೇರೆ ತಂಡ, ನಮ್ಮದೇ ತಂಡ, ಅಥವಾ ಕೇಳಿದ್ದನ್ನು ನಂಬಿ ಹೇಳುವ ಪತ್ರಕರ್ತ. ಹತ್ತು ಜನ ಒಂದೇ ಹೆಸರು ಹೇಳಿದರೆ ಹತ್ತು ಸಾಕ್ಷಿ ಎಂದು ನಾನು ಎಣಿಸಿದ್ದೆ. ಹತ್ತು ಮಂದಿಯೂ ಒಂದೇ ಬಾವಿಯಿಂದ ಸೇದಿದ ನೀರು ಅದಾಗಿರಬಹುದು ಎಂದು ಯೋಚಿಸಲಿಲ್ಲ. ಮಗಳಾದರೋ ಸುದ್ದಿ ಕೇಳಿರಲಿಲ್ಲ, ಆಟ ನೋಡಿದ್ದಳು. 2019ರ ಸೀಸನ್‌ನಲ್ಲಿ ಲ್ಯಾನ್ಸ್ 28 ಟಚ್‌ಡೌನ್ ಎಸೆದು ಒಂದೇ ಒಂದು ಚೆಂಡನ್ನೂ ಎದುರಾಳಿಯ ಕೈಗೆ ಕೊಟ್ಟಿರಲಿಲ್ಲ. ‘ಅಪ್ಪಾ, ಸುಮ್ಮನೆ ಚೆಂಡು ಎಸೆಯೋನು ಬೇಕಿದ್ರೆ ಇಷ್ಟೆಲ್ಲ ಕೊಟ್ಟು ಮೂರಕ್ಕೆ ಯಾಕೆ ಹೋಗ್ತಿದ್ರು?’ ಎಂದು ಅವಳು ಎರಡು ವಾರ ಮೊದಲೇ ಕೇಳಿದ್ದಳು. ಬೆಲೆಯೇ ಹೇಳುತ್ತಿತ್ತು, ಅವರು ಹಿಂದೆಂದೂ ಇಲ್ಲದ್ದನ್ನು ಕೊಳ್ಳಲು ಹೊರಟಿದ್ದಾರೆಂದು.

ಮಗಳ ಊಹೆ ಸರಿಯಾಯಿತು, ತಂಡದ ಆಯ್ಕೆ ಸರಿಹೋಗಲಿಲ್ಲ. ಲ್ಯಾನ್ಸ್ ಕಾಲೇಜಿನಲ್ಲಿ ಆರಂಭದಿಂದ ಆಡಿದ್ದು ಹದಿನೇಳೇ ಪಂದ್ಯ. 2020ರಲ್ಲಿ ಸಾಂಕ್ರಾಮಿಕದಿಂದಾಗಿ ಒಂದೇ ಒಂದು. ಅವನಿಗೆ ಬೇಕಾಗಿದ್ದದ್ದು ಆಡುವ ದಿನಗಳು. ಅವೇ ಸಿಗಲಿಲ್ಲ. ಮೊದಲ ವರ್ಷ ಹೆಚ್ಚಾಗಿ ಬೆಂಚು, ಎರಡನೆಯ ವರ್ಷದ ಎರಡನೇ ಪಂದ್ಯದಲ್ಲೇ ಕಣಕಾಲು ಮುರಿಯಿತು. ನಮಗಾಗಿ ನಾಲ್ಕು ಪಂದ್ಯಗಳನ್ನಷ್ಟೇ ಆರಂಭಿಸಿ 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಪಿಕ್‌ಗೆ ಡಲ್ಲಾಸ್‌ಗೆ ಹೋದ. ನಾವು ಬಿಟ್ಟುಕೊಟ್ಟ ಆ 12ನೆಯ ಪಿಕ್ ಮಯಾಮಿ, ಫಿಲಡೆಲ್ಫಿಯಾ ಕೈ ದಾಟಿ ಅದೇ ಡಲ್ಲಾಸ್ ಸೇರಿತ್ತು. ಅವರು ಅದರಲ್ಲಿ ಆರಿಸಿದವನು ಮೈಕಾ ಪಾರ್ಸನ್ಸ್, ಈ ಕಾಲದ ಅತಿ ಭಯಂಕರ ರಕ್ಷಕರಲ್ಲೊಬ್ಬ. ಮ್ಯಾಕ್ ಜೋನ್ಸ್ ಕೂಡ ಬಂದ, 2025ರಲ್ಲಿ, ಮೀಸಲು ಆಟಗಾರನಾಗಿ. ಆ ದಿನ ನೋಟ್‌ಬುಕ್ ತೆಗೆದು 2021ರ ಹಾಳೆಯ ಬಲಗಡೆ ದಿನಾಂಕ ಬರೆದೆ.

5. ಗಡಿಯಾರ ನೋಡಿ ಮರುಳಾಗಬೇಡಿ

ಫೆಬ್ರುವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನು ಅಳೆಯುತ್ತಾರೆ, ತೂಗುತ್ತಾರೆ, 40 ಗಜ ಓಡಿಸುತ್ತಾರೆ. 2017ರಲ್ಲಿ ಜಾನ್ ರಾಸ್ 4.22 ಸೆಕೆಂಡಿನಲ್ಲಿ ಓಡಿ ಆಗಿನ ದಾಖಲೆ ಮಾಡಿದ. ಸಿನ್ಸಿನಾಟಿ ಅವನನ್ನು ಒಂಬತ್ತನೆಯವನಾಗಿ ಆರಿಸಿತು, ಮೊದಲ ಸೀಸನ್‌ನಲ್ಲಿ ಅವನಿಗೆ ಒಂದೂ ಕ್ಯಾಚ್ ಸಿಗಲಿಲ್ಲ. ಚೆಂಡು ಹಿಡಿಯುವ ಕೈ, ಪೆಟ್ಟು ತಿಂದು ಮತ್ತೆ ಏಳುವ ಗುಣ, ಇವಕ್ಕೆ ಗಡಿಯಾರ ಇಲ್ಲ. ನಾನು ಓಟದ ಅಂಕಿಯನ್ನು ಬರೆಯುವುದುಂಟು, ಹೆಸರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ.

6. ಶನಿವಾರ ಟಿವಿ ಆರಿಸಬೇಡಿ

2010ರಿಂದ ಡ್ರಾಫ್ಟ್ ಮೂರು ದಿನಕ್ಕೆ ಹರಡಿದೆ. ಗುರುವಾರ ಮೊದಲ ಸುತ್ತು, ಶುಕ್ರವಾರ ಎರಡು ಮತ್ತು ಮೂರು, ಶನಿವಾರ ನಾಲ್ಕರಿಂದ ಏಳು. ಗುರುವಾರ ನಮ್ಮ ಮನೆ ತುಂಬಿರುತ್ತದೆ, ಶನಿವಾರ ನಾನೊಬ್ಬನೇ. ಆದರೆ ನಮ್ಮ ತಂಡವನ್ನು ಕಟ್ಟಿದ್ದು ಶನಿವಾರಗಳೇ. ಜಾರ್ಜ್ ಕಿಟಲ್ 146ನೆಯವನು, ಡ್ರೇ ಗ್ರೀನ್‌ಲಾ 148, ಡಿಯೊಮೊಡೋರ್ ಲೆನ್ವಾರ್ 172, ತಲನೋವಾ ಹುಫಾಂಗಾ 180. ಎಲ್ಲರೂ ಐದನೇ ಸುತ್ತಿನವರು. ರಾಸ್ ಒಂಬತ್ತನೆಯವನಾಗಿ ಹೋದ ವರ್ಷವೇ ಬಂದ ಕಿಟಲ್ ಮರುವರ್ಷ 1,377 ಗಜ ಗಳಿಸಿ ತನ್ನ ಸ್ಥಾನದ ಆಟಗಾರರ ಆವರೆಗಿನ ದಾಖಲೆ ಮುರಿದ.

ಡ್ರಾಫ್ಟ್‌ನ ಕಟ್ಟಕಡೆಯ ಹುಡುಗನಿಗೆ ಇಲ್ಲಿ ಮಿಸ್ಟರ್ ಇರ್ರೆಲೆವೆಂಟ್ ಎಂಬ ಹೆಸರಿದೆ. ಪಾಲ್ ಸಲಾಟಾ ಎಂಬ ಹಳೆ ಆಟಗಾರ, ಹಿಂದೊಮ್ಮೆ ಫಾರ್ಟಿನೈನರ್ಸ್‌ಗೇ ಆಡಿದವರು, 1976ರಲ್ಲಿ ಈ ಪದ್ಧತಿ ಶುರು ಮಾಡಿದರು. ಕೊನೆಯವನನ್ನೂ ಯಾರಾದರೂ ಸಂಭ್ರಮಿಸಬೇಕು ಎಂಬುದು ಅವರ ಆಸೆ. ಈ ಹೆಸರನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂದು ನಾನು ತಿಣುಕಬೇಕಾಗಲಿಲ್ಲ. ನಮ್ಮೂರ ಓಣಿಯಲ್ಲಿ ಲಗೋರಿ ಆಡುವಾಗ ದೊಡ್ಡವರ ಜೊತೆ ಹಟ ಮಾಡಿ ಸೇರಿಕೊಳ್ಳುವ ಪುಟ್ಟ ತಮ್ಮನನ್ನು ಏನೆನ್ನುತ್ತಿದ್ದೆವು? ಆಟಕ್ಕುಂಟು, ಲೆಕ್ಕಕ್ಕಿಲ್ಲ.

2022ರ ಏಪ್ರಿಲ್ 30ರ ಶನಿವಾರ, 262ನೆಯ ಪಿಕ್, ಆ ವರ್ಷದ ಕೊನೆಯದು, ನಮ್ಮದು. ಬೇರೆ ತಂಡಗಳಿಗೆ ಹೋದ ನಮ್ಮ ಆಟಗಾರರ ಬದಲಿಗೆ ಪರಿಹಾರವಾಗಿ ಲೀಗ್ ಕೊಟ್ಟ ಪಿಕ್ ಅದು. ಲ್ಯಾನ್ಸ್‌ಗಾಗಿ ಮೊದಲ ಸುತ್ತನ್ನೇ ಮಾರಿಕೊಂಡ ವರ್ಷವಾದ್ದರಿಂದ ಗುರುವಾರ ಮನೆಗೆ ಯಾರೂ ಬಂದಿರಲಿಲ್ಲ. ಶನಿವಾರ ನಾನು ಆರನೇ ಸುತ್ತಿಗೇ ಟಿವಿ ಆರಿಸಿ ಹಿತ್ತಲಿಗೆ ನೀರು ಬಿಡಲು ಹೋದೆ. ನೋಟ್‌ಬುಕ್ಕಿನ ಆ ಹಾಳೆಯಲ್ಲಿ 262ರ ಮುಂದೆ ಎರಡೂ ಕಾಲಂ ಖಾಲಿ. ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ ಬ್ರಾಕ್ ಪರ್ಡಿ ಎಂಬ ಕ್ವಾರ್ಟರ್‌ಬ್ಯಾಕ್‌ನ ಹೆಸರನ್ನು ನಾನು ಮರುದಿನ ಪತ್ರಿಕೆಯಲ್ಲಿ ಓದಿದೆ.

ಸೆಪ್ಟೆಂಬರ್‌ನಲ್ಲಿ ಲ್ಯಾನ್ಸ್ ಕಣಕಾಲು ಮುರಿಯಿತು. ಡಿಸೆಂಬರ್ 4ರಂದು, ನಮ್ಮ ಪಿಕ್‌ಗಳನ್ನೆಲ್ಲ ಕೊಂಡುಕೊಂಡಿದ್ದ ಮಯಾಮಿಯ ಎದುರೇ, ಹಳೆಯ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪೊಲೊನ ಪಾದ ಮುರಿಯಿತು. ಪರ್ಡಿ ಮೈದಾನಕ್ಕೆ ಇಳಿದ. ಮುಂದಿನ ಭಾನುವಾರ, ಡಿಸೆಂಬರ್ 11ರಂದು, ಅವನು ಆರಂಭದಿಂದ ಆಡುವ ಮೊದಲ ಪಂದ್ಯ. ಎದುರಾಳಿ ಟ್ಯಾಂಪಾ ಬೇ, ಅದರ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ. ಬ್ರೇಡಿ ನಮ್ಮ ಪಕ್ಕದ ಸ್ಯಾನ್ ಮಟೇಯೊ ಊರಿನವನು. ನಾಲ್ಕು ವರ್ಷದ ಮಗುವಾಗಿದ್ದಾಗ ಅಪ್ಪ ಅಮ್ಮನ ಜೊತೆ ಫಾರ್ಟಿನೈನರ್ಸ್ ಪಂದ್ಯ ನೋಡಿದ್ದವನು. 2000ದ ಡ್ರಾಫ್ಟ್‌ನಲ್ಲಿ ನಮ್ಮ ತಂಡ ಮೂರನೇ ಸುತ್ತಿನಲ್ಲಿ ಬೇರೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿ ಅವನನ್ನು ಬಿಟ್ಟಿತು, 199ನೆಯವನಾಗಿ ನ್ಯೂ ಇಂಗ್ಲೆಂಡ್‌ಗೆ ಹೋದ ಅವನು ಒಟ್ಟು ಏಳು ಸೂಪರ್ ಬೌಲ್ ಗೆದ್ದ.

ನಾನೂ ಮಗಳೂ ಮೇಲಿನ ಅಟ್ಟಣಿಗೆಯಲ್ಲಿ ಕೂತಿದ್ದೆವು. 262ನೆಯವನು 199ನೆಯವನ ಎದುರು ನಿಂತು 35-7ರಲ್ಲಿ ಗೆದ್ದ. ದೊಡ್ಡ ಪರದೆಯ ಮೇಲೆ ಪರ್ಡಿಯ ತಂದೆ ಕಣ್ಣೊರೆಸಿಕೊಳ್ಳುವುದು ಕಂಡಿತು. ನನಗೂ ಗಂಟಲು ಕಟ್ಟಿತು. ಮನೆಗೆ ಬಂದವನೇ ಏಪ್ರಿಲ್‌ನ ಆ ಖಾಲಿ ಸಾಲಿನ ಮುಂದೆ ಅವನ ಹೆಸರು ಬರೆದೆ, ಬೇರೆ ಬಣ್ಣದ ಶಾಯಿಯಲ್ಲಿ, ಊಹಿಸಿದ್ದೆನೆಂದು ಮುಂದೆ ನನಗೇ ಅನ್ನಿಸಬಾರದೆಂದು. ಮರುವರ್ಷ ಅವನು 4,280 ಗಜ ಎಸೆದು ತಂಡದ ಒಂದು ಸೀಸನ್ನಿನ ದಾಖಲೆ ಮಾಡಿ ನಮ್ಮನ್ನು ಸೂಪರ್ ಬೌಲ್‌ಗೆ ಕರೆದೊಯ್ದ. 2025ರಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರಿನ ಕರಾರಿಗೆ ಸಹಿ ಹಾಕಿದ.

ಅಂದಿನಿಂದ ಶನಿವಾರಕ್ಕೂ ನಾನು ಎರಡು ಕಾಲಂ ತುಂಬುತ್ತೇನೆ. ಏಳನೇ ಸುತ್ತಿನ ಹುಡುಗರ ಆಟ ಹುಡುಕಿ ನೋಡಲು ಫೆಬ್ರುವರಿ, ಮಾರ್ಚ್‌ನ ರಾತ್ರಿಗಳು ಬೇಕಾಗುತ್ತವೆ. ಬಲಗಡೆಯ ಹೆಸರು ಇದುವರೆಗೆ ಒಮ್ಮೆಯೂ ನಿಜವಾಗಿಲ್ಲ. ಆದರೆ ಆ ರಾತ್ರಿಗಳಲ್ಲಿ ನೋಡಿದ ಹುಡುಗರು ಬೇರೆ ಬೇರೆ ತಂಡಗಳಲ್ಲಿ ಆಡುವುದು ಕಂಡಾಗ ನಮ್ಮ ಕೇರಿಯ ಮಕ್ಕಳು ದೊಡ್ಡವರಾದಂತೆ ಸಂತೋಷವಾಗುತ್ತದೆ.

7. ಅಂಕ ಕೊಡಲು ಮೂರು ವರ್ಷ ಕಾಯಿರಿ

ಡ್ರಾಫ್ಟ್ ಮುಗಿದ ಮರುದಿನವೇ ಪತ್ರಿಕೆಗಳು ತಂಡಗಳಿಗೆ ದರ್ಜೆ ಕೊಡುತ್ತವೆ. ನಾವೂ ಕೊಡುತ್ತಿದ್ದೆವು, ಈಗ ನಿಲ್ಲಿಸಿದ್ದೇವೆ. 2017ರಲ್ಲಿ ಜನರಲ್ ಮ್ಯಾನೇಜರ್ ಜಾನ್ ಲಿಂಚ್, ತರಬೇತುದಾರ ಶಾನಹಾನ್ ಜೋಡಿಯ ಮೊದಲ ಡ್ರಾಫ್ಟ್. ಶಿಕಾಗೋಗೆ ಎರಡನೆಯ ಸರದಿ ಕೊಟ್ಟು, ಹೆಚ್ಚಿನ ಪಿಕ್‌ಗಳನ್ನು ತೆಗೆದುಕೊಂಡು, ಮೂರರಲ್ಲಿ ಸಾಲೊಮನ್ ಥಾಮಸ್, 31ರಲ್ಲಿ ರೂಬೆನ್ ಫಾಸ್ಟರ್. ಎಲ್ಲೆಡೆ ಹೊಗಳಿಕೆ. ನಾನು ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಒಂಬತ್ತು ಬರೆದಿದ್ದೆ. ನಾಲ್ಕು ವರ್ಷದಲ್ಲಿ ಇಬ್ಬರೂ ತಂಡದಲ್ಲಿ ಇರಲಿಲ್ಲ. ಆ ವರ್ಷದ ನಿಜವಾದ ಬೆಳೆ ಐದನೇ ಸುತ್ತಿನ ಕಿಟಲ್. ಆ ದಿನ ಅವನ ಬಗ್ಗೆ ನಾನು ಒಂದು ಸಾಲೂ ಬರೆದಿಲ್ಲ.

ಅದಕ್ಕಿಂತ ನೋವಿನದು ಇನ್ನೊಂದಿದೆ. ಅದೇ ಡ್ರಾಫ್ಟ್‌ನಲ್ಲಿ ಹತ್ತನೆಯವನಾಗಿ ಕ್ಯಾನ್ಸಸ್ ಸಿಟಿಗೆ ಹೋದವನು ಪ್ಯಾಟ್ರಿಕ್ ಮಹೋಮ್ಸ್. ಎರಡರಲ್ಲಿ ಬೇರೆ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿದ ಶಿಕಾಗೋದವರನ್ನು ಜನ ಇವತ್ತಿಗೂ ಬೈಯುತ್ತಾರೆ. ಮೂರರಲ್ಲಿ ನಾವೂ ಅವನನ್ನು ಬಿಟ್ಟೆವು. 2020ರ ಫೆಬ್ರುವರಿಯಲ್ಲಿ 31-20, 2024ರ ಫೆಬ್ರುವರಿಯಲ್ಲಿ ಹೆಚ್ಚುವರಿ ಸಮಯದಲ್ಲಿ 25-22. ಎರಡು ಸೂಪರ್ ಬೌಲ್ ಅವನ ಕೈಯಲ್ಲೇ ಸೋತೆವು. 2017ರ ನನ್ನ ಹಾಳೆಯಲ್ಲಿ ಮಹೋಮ್ಸ್ ಹೆಸರು ಆಸೆಯ ಕಡೆಯೂ ಇಲ್ಲ, ಅಂದಾಜಿನ ಕಡೆಯೂ ಇಲ್ಲ. ತಂಡವನ್ನು ಬೈಯಬೇಕೆನಿಸಿದಾಗ ನಾನು ಮೊದಲು ಆ ಹಾಳೆ ತೆರೆದು ನೋಡುತ್ತೇನೆ.

8. ಪಿಕ್ ಎನ್ನುವುದು ಒಬ್ಬ ಹುಡುಗ

2024ರಲ್ಲಿ 31ನೆಯ ಸರದಿಗೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್‌ಮನ್ ಬರುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಬಂದವನು ಫ್ಲೋರಿಡಾದ ರಿಸೀವರ್ ರಿಕಿ ಪಿಯರ್ಸಲ್. ನಮ್ಮ ಕೋಣೆಯಲ್ಲಿ ಗೊಣಗಾಟ ಜೋರಾಯಿತು, ನನ್ನದೂ ಸೇರಿ. ‘ಯಾಕ್ ಬೇಕಿತ್ತು ಇವನು’ ಎಂದು ನಾನೇ ಗಟ್ಟಿಯಾಗಿ ಅಂದೆ. ಟಿವಿಯಲ್ಲಿ ಅವನು ಮನೆಯವರನ್ನು ತಬ್ಬಿಕೊಳ್ಳುತ್ತಿದ್ದ.

ಆಗಸ್ಟ್ 31ರಂದು ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನಲ್ಲಿ, ಹಗಲು ಹೊತ್ತಿನಲ್ಲೇ, ದರೋಡೆಗೆ ಬಂದವನ ಗುಂಡು ಪಿಯರ್ಸಲ್‌ನ ಎದೆಯನ್ನು ಸೀಳಿಕೊಂಡು ಹೊರಬಂತು. ಅವನಿಗೆ ಇಪ್ಪತ್ತಮೂರು ವರ್ಷ. ಮರುದಿನವೇ ಆಸ್ಪತ್ರೆಯಿಂದ ಮನೆಗೆ ಬಂದ, ಅಕ್ಟೋಬರ್ 20ರಂದು ಕ್ಯಾನ್ಸಸ್ ಸಿಟಿ ಎದುರು ಮೈದಾನಕ್ಕಿಳಿದ. ಸುದ್ದಿ ಬಂದ ಸಂಜೆ ನಮ್ಮ ಐದೂ ಮನೆಯವರು ಫೋನ್ ಮಾಡಿಕೊಂಡೆವು. ಹೆಚ್ಚು ಮಾತಾಡಲಿಲ್ಲ. ನನ್ನ ಹೆಂಡತಿ ಮಾತ್ರ ‘ಅವತ್ತು ಆ ಹುಡುಗನ್ನ ಹಾಗನ್ನಬಾರದಿತ್ತು ಕಣ್ರೀ’ ಎಂದಳು. ಗುಂಡಿಗೂ ನಮ್ಮ ಗೊಣಗಾಟಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಅವಳು ಹೇಳಿದ್ದು ನಿಜ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಹೆಸರು ಕೂಗಿದ ಮೇಲೆ ಮೊದಲು ಚಪ್ಪಾಳೆ, ವಾದ ಆಮೇಲೆ. ಶಿವಮೊಗ್ಗದ ಗೆಳೆಯರು ಇದನ್ನು ನನಗಿಂತ ನಿಷ್ಠೆಯಿಂದ ಪಾಲಿಸುತ್ತಾರೆ.

9. ಚಿಕ್ಕವರ ಕೈಗೂ ಪೆನ್ಸಿಲ್ ಕೊಡಿ

2025ರ ಡ್ರಾಫ್ಟ್ ಹೊತ್ತಿಗೆ ಮಗಳು ಕಾಲೇಜಿಗೆ ಹೋಗಿದ್ದಳು, ಬೇರೆ ಊರು. ಗುರುವಾರ ನಾಲ್ಕೂಮುಕ್ಕಾಲಿಗೆ ವಿಡಿಯೊ ಕರೆ ಮಾಡಿ, ಫೋನನ್ನು ಪುಸ್ತಕಗಳಿಗೆ ಒರಗಿಸಿ ಕೂತಳು. ನಮ್ಮದು 11ನೆಯ ಸರದಿ. ನನ್ನ ಎರಡೂ ಕಾಲಂನಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್‌ಮನ್‌ಗಳ ಹೆಸರಿತ್ತು, ಪರ್ಡಿಗೆ ಪೆಟ್ಟು ಬೀಳುವುದನ್ನು ನೋಡಲಾಗದೆ ಬರೆದದ್ದು. ಅವಳು ತನ್ನ ಹಾಳೆಯನ್ನು ಕ್ಯಾಮೆರಾಗೆ ಹಿಡಿದಳು. ಬಲಗಡೆ ಜಾರ್ಜಿಯಾದ ಮೈಕೆಲ್ ವಿಲಿಯಮ್ಸ್.

‘ಅಪ್ಪಾ, ನೀನು ಮಾರ್ಚ್ ನೋಡೇ ಇಲ್ಲ’ ಎಂದಳು. ‘ಹಾರ್‌ಗ್ರೇವ್, ಫ್ಲಾಯ್ಡ್, ಕಾಲಿನ್ಸ್, ಮೂರೂ ಜನ ರಕ್ಷಣೆಯ ಮುಂದಿನ ಸಾಲಿನವರು. ಮೂವರನ್ನೂ ಬಿಟ್ಟುಬಿಟ್ಟಿದ್ದಾರೆ. ಕಂಬ ತೆಗೆದೋರು ಮೊದಲು ಕಂಬ ನಿಲ್ಲಿಸ್ತಾರೆ ಅಂತ ನೀನೇ ಹೇಳಿದ್ದಲ್ವಾ?’

ಹೆಸರು ಕೂಗಿದರು. ಮೈಕೆಲ್ ವಿಲಿಯಮ್ಸ್. ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದೆವು, ಫೋನಿನ ಆಚೆಯಿಂದಲೂ ಚಪ್ಪಾಳೆ ಕೇಳಿಸಿತು. ಆ ಡ್ರಾಫ್ಟ್‌ನಲ್ಲಿ ನಮ್ಮವರು ಆರಿಸಿದ ಮೊದಲ ಐದೂ ಜನ ರಕ್ಷಣೆಯವರೇ.

ಬೇಸಿಗೆ ರಜೆಗೆ ಬಂದವಳು ಹೋಗುವಾಗ ನೋಟ್‌ಬುಕ್ ಕೇಳಿ ತೆಗೆದುಕೊಂಡು ಹೋದಳು. ಮೊನ್ನೆ ಮುಂದಿನ ಏಪ್ರಿಲ್‌ನ ಹಾಳೆಯ ಚಿತ್ರ ಕಳಿಸಿದ್ದಾಳೆ. ನಡುವೆ ಗೆರೆ, ಎರಡು ಕಡೆಗೂ ತಲೆಬರಹ, ಕೆಳಗೆ ಏಳೂ ಸುತ್ತಿಗೆ ಸಾಲುಗಳು. ಎಡಗಡೆಯಲ್ಲಿ ಆಗಲೇ ಒಂದು ಹೆಸರಿದೆ. ಬಲಗಡೆಯನ್ನು ಮಾರ್ಚ್‌ವರೆಗೆ ಬರೆಯುವುದಿಲ್ಲವಂತೆ.